ಬಲಗಡೆಯ ಫ್ಯೂಸು

"ಹೆಣ ಎತ್ತೋ ದಿನ ನೆಂಟರು ಬಂದೇ ಬರ್ತಾರೆ ಅಂತಾರಲ್ಲ, ಹಾಗಾಯ್ತು. ಬಾರಮ್ಮ, ಬಾ. ನೀನೊಬ್ಬಳು ಬಾಕಿ ಇದ್ದೆ."

ಅತ್ತಿಗೆ ಶೆಡ್ಡಿನ ಬಾಗಿಲಿಗೆ ಅಡ್ಡ ನಿಂತು, ಎರಡೂ ಕೈ ಕಟ್ಟಿಕೊಂಡು ಆಡಿದ ಮಾತು ಇದು. ಆರು ವರ್ಷದ ಮೇಲೆ ನನ್ನ ಮುಖ ನೋಡಿ ಆಡಿದ ಮೊದಲ ಮಾತೂ ಇದೇ. ನನ್ನ ಒಂದು ಕೈಯಲ್ಲಿ ಅಂಗಡಿಯಿಂದ ಹೊತ್ತು ತಂದ ಬ್ಯಾಟರಿ ಇತ್ತು, ಇನ್ನೊಂದರಲ್ಲಿ ಸಾಮಾನಿನ ಚೀಲ. ಬ್ಯಾಟರಿಯ ಪಟ್ಟಿ ಬೆರಳಿಗೆ ಕಚ್ಚಿ ಬೆರಳೆಲ್ಲ ಬಿಳಿಚಿಕೊಂಡಿದ್ದವು.

"ದಾರಿ ಬಿಡಿ ಅತ್ತಿಗೆ. ಕೈ ಬಿದ್ದುಹೋಗ್ತಿದೆ."

"ಬೀಳಲಿ. ಆ ಕೈಯಿಂದ ಆಗಿದ್ದು ಸಾಲದಾ?"

ಶೆಡ್ಡಿನ ಒಳಗಿನಿಂದ ಅಣ್ಣನ ದನಿ ಬಂತು. "ಒಳಗೆ ಬಿಡೇ ಅವಳನ್ನ. ಬೀದೀಲಿ ನಿಂತು ಕಿರುಚಿದ್ರೆ ರೇಡಿಯೊ ಆನ್ ಆಗುತ್ತೆ."

ರೇಡಿಯೊ ಅಂದರೆ ಎದುರು ಮನೆಯಾಕೆ. ಬೀದಿಗೆ ತೆರೆದ ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ಬೆಳಗಿನಿಂದ ಸಂಜೆಯವರೆಗೆ ರವಿಕೆ ಹೊಲಿಯುತ್ತಾಳೆ. ಬೆಳಿಗ್ಗೆ ಅವಳ ಕಿವಿಗೆ ಬಿದ್ದದ್ದು ಮಧ್ಯಾಹ್ನದ ಊಟಕ್ಕೆ ಮೊದಲು ನಾಲ್ಕು ಬೀದಿ ದಾಟಿರುತ್ತದೆ. ಅತ್ತಿಗೆ ಕಿಟಕಿಯ ಕಡೆ ಒಮ್ಮೆ ನೋಡಿ, ಒಂದೇ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ನಾನು ಬ್ಯಾಟರಿಯನ್ನು ಅವಳ ಸೀರೆಗೆ ತಾಗದ ಹಾಗೆ ಎತ್ತಿ ಹಿಡಿದು ಒಳಗೆ ನುಗ್ಗಿದೆ.

ಒಳಗೆ ನಿಂತಿದ್ದದ್ದು ಅತ್ತಿಗೆಯ ಡ್ರೈವಿಂಗ್ ಸ್ಕೂಲಿನ ಕಾರು. ನಾಲ್ಕು ಟಯರೂ ನೆಲಕ್ಕೆ ಅಂಟಿ ಚಪ್ಪಟೆಯಾಗಿದ್ದವು. ಗಾಜಿನ ಮೇಲೆ ಬೆರಳಿಂದ ಹೆಸರು ಬರೆಯುವಷ್ಟು ಧೂಳು. ಇಡೀ ಊರಿಗೆ ಗುರುತಿದ್ದ ಕಾರು ಅದು. ಅದಕ್ಕೆ ಎರಡು ಜೊತೆ ಪೆಡಲು. ಕಲಿಯುವವರ ಕಾಲಿಗೆ ಒಂದು ಜೊತೆ, ಪಕ್ಕದ ಸೀಟಿನಲ್ಲಿ ಕೂತು ಕಲಿಸುವ ಅತ್ತಿಗೆಯ ಕಾಲಿಗೆ ಇನ್ನೊಂದು ಜೊತೆ. ಅವಳನ್ನು ಎಲ್ಲರೂ 'ಬ್ರೇಕ್ ಮೇಡಂ' ಅನ್ನುತ್ತಿದ್ದರು. ಮುನ್ನೂರು ಜನಕ್ಕಾದರೂ ಗಾಡಿ ಕಲಿಸಿದ್ದಳು, ಒಬ್ಬರ ಮೈಗೂ ಗೀರು ಬಿದ್ದಿರಲಿಲ್ಲ.

ನಾನು ಗಾಡಿಗಳ ವೈರಿಂಗ್ ಕೆಲಸದವಳು. ಬಸ್ ನಿಲ್ದಾಣದ ಹಿಂದೆ ಸಣ್ಣ ಅಂಗಡಿ. ನನ್ನ ಹೆಸರು 'ಕರೆಂಟಕ್ಕ'. ಈ ಕಾರಿಗೆ ಒಂದು ಬಜರ್ ಹಾಕಿಕೊಟ್ಟವಳು ನಾನೇ, ಅದೂ ಅತ್ತಿಗೆಯೇ ಕೇಳಿದ್ದಕ್ಕೆ. "ನಾನು ಈ ಕಡೆಯಿಂದ ಬ್ರೇಕ್ ಒತ್ತಿದ್ರೆ, ಆ ಕಡೆ ಕೂತವರು ತಾವೇ ಒತ್ತಿದ್ವಿ ಅಂದ್ಕೊಂಡು ಬೀಗ್ತಾರೆ ಕಣೇ. ನಾನು ಒತ್ತಿದಾಗ ಏನಾದ್ರೂ ಅರಚೋ ಹಾಗೆ ಮಾಡು, ಜಂಬ ಇಳೀಲಿ," ಅಂದಿದ್ದಳು. ಆಗ ನಾವು ಹಾಗೆಲ್ಲ ಮಾತಾಡುತ್ತಿದ್ದೆವು.

ಆಮೇಲೆ ಆ ದಿನ ಬಂತು. ನಾನು ಒಂದು ಬಸ್ಸಿನ ಕೆಳಗೆ ಅಂಗಾತ ಮಲಗಿ ಕೆಲಸ ಮಾಡುತ್ತಿದ್ದೆ. ಅತ್ತಿಗೆಯ ಫೋನು. ಪೆಡಲು ಒತ್ತದೇ ಬಜರ್ ತಾನಾಗಿ ಅರಚಿ ಅರಚಿ ನಿಲ್ಲುತ್ತಿದೆ, ಏನೋ ಸುಟ್ಟ ವಾಸನೆ, ಕಲಿಯುವ ಹುಡುಗಿ ಹೆದರಿದ್ದಾಳೆ ಅಂದಳು. "ನಾನು ಹಾಕಿರೋ ಎರಡು ಫ್ಯೂಸ್ ಇದಾವಲ್ಲ ಬಾನೆಟ್ ಒಳಗೆ, ಬಲಗಡೇದು ಕಿತ್ತಿಡು. ಆಮೇಲೆ ನಿಧಾನಕ್ಕೆ ಅಂಗಡಿಗೆ ತಾ," ಅಂದೆ. ಹತ್ತು ನಿಮಿಷಕ್ಕೆ ದೊಡ್ಡ ತಿರುವಿನಲ್ಲಿ ಡ್ಯಾಶ್‌ಬೋರ್ಡಿನ ಅಡಿಯಿಂದ ಹೊಗೆ ಎದ್ದಿತು. ಯಾರಿಗೂ ಏನೂ ಆಗಲಿಲ್ಲ. ಹುಡುಗಿ ಒಂದು ಚಪ್ಪಲಿ ಕಾರಿನಲ್ಲೇ ಬಿಟ್ಟು ಓಡಿದವಳು ಅದನ್ನು ಕೇಳಿಕೊಂಡು ಕೂಡ ಬರಲಿಲ್ಲ. ಆದರೆ ಕಾರಿನ ವೈರಿಂಗೆಲ್ಲ ಕರಗಿ ಹೋಯಿತು, ಅದರ ಜೊತೆ ನಮ್ಮ ನಂಟೂ.

ಅವಳು ಹೇಳಿದಳು: ನಾದಿನಿ ಹಾಕಿದ ತಂತಿಯಿಂದ ಬೆಂಕಿ ಬಿತ್ತು. ನಾನು ಹೇಳಿದೆ: ಫ್ಯೂಸ್ ಕಿತ್ತಿಡು ಅಂದೆ, ಅದೊಂದು ಕೆಲಸ ಮಾಡಲಿಲ್ಲ, ಈಗ ಕಿತ್ತಿದ್ದೆ ಅಂತ ಸುಳ್ಳು ಹೇಳುತ್ತಾಳೆ. ಎರಡು ಮಾತೂ ಊರು ಸುತ್ತಿದವು. ನಾನು ಕರೆಂಟಕ್ಕ ಹೋಗಿ ಬೆಂಕಿಯಕ್ಕ ಆದೆ. ಅವಳು ಒಂದು ಫ್ಯೂಸ್ ಕೀಳಲು ಬಾರದ ಸುಳ್ಳುಗಾರ್ತಿ ಮೇಡಂ ಆದಳು. ಅವಳ ಹತ್ತಿರ ಮಕ್ಕಳನ್ನು ಕಳಿಸುವುದನ್ನೇ ಜನ ಬಿಟ್ಟರು. ಬೇರೆಯವರ ಸ್ಕೂಲಿನಲ್ಲಿ ಕೆಲಸ ಕೇಳಲು ಹೋದರೆ, "ಓ, ಆ ಫ್ಯೂಸ್ ಮೇಡಮ್ಮಾ?" ಅಂದು ನಕ್ಕರಂತೆ. ಅಣ್ಣ ಶೆಡ್ಡಿಗೆ ಬೀಗ ಹಾಕಿ ಕೀಲಿಕೈ ಜೇಬಿನಲ್ಲಿಟ್ಟುಕೊಂಡ. ನಾನು ಎಷ್ಟು ಸಲ ಹೇಳಿ ಕಳಿಸಿದರೂ ತೆರೆಯಲಿಲ್ಲ. ಬೆಂಕಿ ಬಿದ್ದ ದಿನದ ಜಗಳದಲ್ಲೇ ನಾನು ಅತ್ತಿಗೆಗೆ 'ನೀನು' ಬಿಟ್ಟು 'ನೀವು' ಅನ್ನಲು ಶುರು ಮಾಡಿದ್ದೆ. ಗೌರವಕ್ಕಲ್ಲ.

ಈಗ ಅಣ್ಣ ಕಾರನ್ನು ಗುಜರಿಗೆ ಕೊಟ್ಟಿದ್ದ. ಮಧ್ಯಾಹ್ನ ಬಂದು ಎತ್ತಿಕೊಂಡು ಹೋಗುತ್ತಾರೆ ಎಂದು ಬೆಳಿಗ್ಗೆ ರೇಡಿಯೊ ಸುದ್ದಿ ಬಿತ್ತರಿಸಿದಳು. ನನಗೆ ತಡೆಯಲಾಗಲಿಲ್ಲ. ಒಂದು ಸಲ ಆ ಕಾರು ಪುಡಿಯಾದರೆ ನಾನು ಸಾಯುವ ತನಕ ಬೆಂಕಿಯಕ್ಕನೇ.

"ಊಟದ ಹೊತ್ತಿಗೆ ಅವನು ಬರ್ತಾನೆ," ಎಂದ ಅಣ್ಣ. "ಅಷ್ಟರೊಳಗೆ ಏನು ನೋಡ್ತೀಯೋ ನೋಡು. ನೋಡಿ ಏನಾಗ್ಬೇಕು ಅಂತ ನನಗಂತೂ ಗೊತ್ತಿಲ್ಲ. ಆಗಿದ್ದು ಆಯ್ತು."

"ನಿಂಗೆ ಆಯ್ತು ಅಣ್ಣ. ನಂಗೆ ದಿನಾ ಆಗ್ತಿದೆ."

"ಅವಳು ನೋಡ್ಲಿ ರೀ," ಎಂದಳು ಅತ್ತಿಗೆ. "ಹುಡುಕಿದ್ರೆ ಏನು ಸಿಗುತ್ತೆ? ಅವಳದೇ ತಂತಿ ಸಿಗುತ್ತೆ. ನಾನೂ ಇಲ್ಲೇ ಕೂತಿರ್ತೀನಿ. ಆಮೇಲೆ ಮಾತು ತಿರುಚೋಕೆ ಆಗ್ಬಾರ್ದು."

ಪ್ಲಾಸ್ಟಿಕ್ ಸ್ಟೂಲೊಂದನ್ನು ಎಳೆದುಕೊಂಡು, ಪರೀಕ್ಷೆ ನಡೆಸುವವಳ ಹಾಗೆ ಕೂತಳು.

ಬಾನೆಟ್ ಎತ್ತಿದೆ. ಇಲಿಯೊಂದು ಕಾಗದ, ಬಟ್ಟೆ ಚೂರು, ಹಳೇ ಸೀಟಿನ ಸ್ಪಂಜು ಎಲ್ಲ ತಂದು ಎಂಜಿನ್ ಮೇಲೆ ಸಂಸಾರ ಹೂಡಿ, ಯಾವಾಗಲೋ ಬಿಟ್ಟು ಹೋಗಿತ್ತು. ಅದನ್ನೆಲ್ಲ ಬಳಿದು ತೆಗೆದೆ. ಮೊದಲು ಮಾಡಬೇಕಾದ ಕೆಲಸ ಡ್ಯಾಶ್‌ಬೋರ್ಡಿನ ಅಡಿಯಲ್ಲಿ. ಅಲ್ಲಿ ಹತ್ತಾರು ತಂತಿಗಳು ಕರಗಿ, ಒಂದನ್ನೊಂದು ಅಪ್ಪಿಕೊಂಡು ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿದ್ದವು. ಅವನ್ನು ಬಿಡಿಸದೆ ಬ್ಯಾಟರಿ ಕೊಟ್ಟರೆ ಎಲ್ಲ ಕಡೆಯೂ ಶಾರ್ಟೇ, ಮೂಲ ಯಾವುದು ಎಂದು ಬ್ರಹ್ಮನಿಗೂ ಗೊತ್ತಾಗದು. ಸೀಟಿನ ಕೆಳಗೆ ತಲೆ ತೂರಿಸಿ, ಕಾಲು ಹೊರಗೆ ಚಾಚಿ, ಒಂದೊಂದೇ ತಂತಿ ಸೀಳಿ ಟೇಪು ಸುತ್ತುತ್ತಾ ಒಂದೂವರೆ ಗಂಟೆ ಕಳೆದೆ. ಕುತ್ತಿಗೆ ಹಿಡಿದುಕೊಂಡಿತು. ಕಣ್ಣಿಗೆ ಮಸಿ ಉದುರಿತು.

ಅತ್ತಿಗೆ ಮೇಲಿನಿಂದ ಕೇಳಿದಳು. "ಅವತ್ತು ಹಾಕುವಾಗ್ಲೇ ಇಷ್ಟು ಮುತುವರ್ಜಿ ವಹಿಸಿದ್ರೆ?"

"ಅವತ್ತು ಹೇಳಿದ್ದನ್ನ ಕೇಳಿದ್ರೆ?" ಎಂದೆ ನಾನು ಸೀಟಿನ ಕೆಳಗಿನಿಂದ.

"ಕೇಳಿದ್ದೆ."

"ಹೌದೌದು."

"ಕಿತ್ತಿದ್ದೆ ಅಂತ ಎಷ್ಟು ಸಲ ಹೇಳ್ಬೇಕೇ ನಿಂಗೆ?"

"ಕಿತ್ತಿದ್ರೆ ಬೆಂಕಿ ಎಲ್ಲಿಂದ ಬಂತು? ಆಕಾಶದಿಂದ ಉದುರಿತಾ?"

ಅಣ್ಣ ಮಧ್ಯೆ, "ಈಗ ಅದೆಲ್ಲ ಯಾಕೆ?" ಎಂದ. ಆರು ವರ್ಷದಿಂದ ಅವನ ಬಾಯಲ್ಲಿ ಅದೊಂದೇ ಮಾತು.

ತಂತಿ ಬಿಡಿಸಿದ ಮೇಲೆ ಬ್ಯಾಟರಿ ಕೂರಿಸಿದೆ. ಬ್ಯಾಟರಿಯ ಒಂದು ತುದಿಗೂ ಕೇಬಲ್ಲಿಗೂ ನಡುವೆ ಒಂದು ಹೆಡ್‌ಲೈಟ್ ಬಲ್ಬು ಸಿಕ್ಕಿಸಿದೆ. ನಾನು ಶಾರ್ಟ್ ಹುಡುಕುವುದು ಯಾವಾಗಲೂ ಹೀಗೇ. ಗಾಡಿಯ ತಂತಿ ಎಲ್ಲಾದರೂ ತಗಡಿಗೆ ತಾಗಿದ್ದರೆ ಕರೆಂಟೆಲ್ಲ ಈ ಬಲ್ಬಿನ ಮೂಲಕವೇ ಹರಿಯಬೇಕು, ಬಲ್ಬು ಝಗ್ ಅಂತ ಉರಿಯುತ್ತದೆ. ಆಮೇಲೆ ಫ್ಯೂಸುಗಳನ್ನು ಒಂದೊಂದೇ ಕೀಳುತ್ತಾ ಹೋಗಬೇಕು. ಯಾವುದನ್ನು ಕಿತ್ತಾಗ ಬಲ್ಬು ಆರುತ್ತದೋ, ಕಳ್ಳ ಆ ಮನೆಯಲ್ಲಿದ್ದಾನೆ.

ಬಲ್ಬು ಝಗ್ ಅಂತ ಉರಿಯಿತು.

"ಇದೆ! ಇನ್ನೂ ಇದೆ!" ಎಂದು ಕೂಗಿದೆ. "ಅಣ್ಣ, ಬಾಡಿ ಶಾರ್ಟ್ ಇದೆ. ಆರು ವರ್ಷದಿಂದ ಒಳಗೇ ಇದೆ ಬಾಡಿ!"

ಎದುರು ಮನೆಯಲ್ಲಿ ಹೊಲಿಗೆ ಯಂತ್ರ ಗಕ್ಕನೆ ನಿಂತಿತು. ಎರಡೇ ನಿಮಿಷ. ರೇಡಿಯೊ ಕುತ್ತಿಗೆಗೆ ಅಳತೆ ಟೇಪು ನೇತುಹಾಕಿಕೊಂಡು ಶೆಡ್ಡಿನ ಬಾಗಿಲಿಗೆ ಬಂದು, ಸೆರಗಿನಿಂದ ಮೂಗು ಮುಚ್ಚಿಕೊಂಡು ಇಣುಕಿದಳು.

"ಯಾರದು?" ಎಂದಳು ಪಿಸುದನಿಯಲ್ಲಿ.

"ಏನು ಯಾರದು?"

"ಬಾಡಿ! ಆರು ವರ್ಷದಿಂದ ಒಳಗಿದೆ ಅಂದ್ಯಲ್ಲೇ. ಆ ಚಪ್ಪಲಿ ಬಿಟ್ಟು ಹೋದ ಹುಡುಗಿದಾ?"

ನನಗೆ ನಗು ಬರಬೇಕಿತ್ತು, ಸಿಟ್ಟು ಬಂತು. "ಹೆಣ ಅಲ್ಲಮ್ಮ ತಾಯಿ! ಗಾಡಿಯ ಬಾಡಿ, ತಗಡು, ತಗಡು! ತಂತಿ ತಗಡಿಗೆ ತಾಗಿದ್ರೆ ಬಾಡಿ ಶಾರ್ಟ್ ಅಂತೀವಿ."

"ಹಾಗಂತ ಮೊದ್ಲೇ ಹೇಳ್ಬಾರ್ದಾ? ಆ ಮೂಲೆ ಮನೆಯವರಿಗೆ ಹೇಳಿಬಿಟ್ಟೆ ನಾನು," ಎಂದು ಗೊಣಗುತ್ತಾ ಅವಳು ಹೊರಟಳು. ಅತ್ತಿಗೆ ಬೇರೆ ಕಡೆ ಮುಖ ತಿರುಗಿಸಿಕೊಂಡಳು. ಅವಳ ಭುಜ ಒಂದು ಸಲ ಅಲುಗಿದ್ದು ನನಗೆ ಕಂಡಿತು.

ಕಾರಿನ ಸ್ವಂತ ಫ್ಯೂಸ್ ಪೆಟ್ಟಿಗೆಯಿಂದ ಶುರು ಮಾಡಿದೆ. ಮೊದಲನೆಯದು ಕಿತ್ತೆ, ಬಲ್ಬು ಉರಿಯುತ್ತಲೇ ಇತ್ತು. ಎರಡು, ಮೂರು, ನಾಲ್ಕು. ಪ್ರತಿ ಸಲ ಅಣ್ಣ "ಆರಿತಾ?" ಅನ್ನುತ್ತಿದ್ದ, ಪ್ರತಿ ಸಲ ಅತ್ತಿಗೆ "ಇಲ್ಲ" ಅನ್ನುತ್ತಿದ್ದಳು, ಆ 'ಇಲ್ಲ' ಸಲದಿಂದ ಸಲಕ್ಕೆ ಗಟ್ಟಿಯಾಗುತ್ತಿತ್ತು. ಪೆಟ್ಟಿಗೆ ಖಾಲಿಯಾಯಿತು. ಬಲ್ಬು ಹಾಗೇ ಉರಿಯುತ್ತಿತ್ತು.

ಅಂದರೆ ಶಾರ್ಟ್ ಕಾರಿನ ಮೂಲ ವೈರಿಂಗಿನಲ್ಲಿಲ್ಲ. ಉಳಿದದ್ದು ನಾನು ಬ್ಯಾಟರಿಯಿಂದ ನೇರ ಎಳೆದಿದ್ದ ಎರಡು ಲೈನುಗಳು: ಒಂದು ಬಜರಿಗೆ, ಇನ್ನೊಂದು ಮಳೆಯಲ್ಲಿ ಗಾಜು ಒರೆಸುವ ವೈಪರಿಗೆ. ಎಂಜಿನ್ನಿನ ಹಿಂದಿನ ತಗಡಿನ ಮೇಲೆ, ಆ ತುದಿಗೊಂದು ಈ ತುದಿಗೊಂದು ಸಣ್ಣ ಕಪ್ಪು ಡಬ್ಬಿ, ಅದರೊಳಗೆ ಫ್ಯೂಸು. ಕಾರಿನ ಮುಂದೆ ನಿಂತು, ಕೈ ಚಾಚಿ ಬಜರಿನ ಡಬ್ಬಿಗೆ ಬರುವ ತಂತಿಯನ್ನು ಕಿತ್ತೆಳೆದೆ.

ಬಲ್ಬು ಆರಿತು.

ಅತ್ತಿಗೆ ಸ್ಟೂಲಿನಿಂದ ಎದ್ದಳು.

"ಯಾರದು ಆ ಲೈನು? ಹೇಳು. ಬಾಯಿ ಬಿಟ್ಟು ಹೇಳು."

"ನಂದು."

"ಗಟ್ಟಿಯಾಗಿ!"

"ನಂದೇ! ಬಜರ್ ಲೈನು! ಆಯ್ತಾ? ತಂತಿ ಸವೆದು ಎಲ್ಲೋ ತಾಗಿದೆ. ಸವೆಯುತ್ತೆ, ಯಾರ ತಂತಿಯಾದ್ರೂ ಸವೆಯುತ್ತೆ. ಅದಕ್ಕೇ ಫ್ಯೂಸ್ ಅಂತ ಇರೋದು. ತಾಗಿದ ಕೂಡ್ಲೆ ಫ್ಯೂಸ್ ಸಾಯುತ್ತೆ, ಗಾಡಿ ಉಳಿಯುತ್ತೆ. ಬೆಂಕಿ ಹೇಗೆ ಬೀಳುತ್ತೆ? ನಾನು ಹಾಕಿದ್ದ ಫ್ಯೂಸು…"

ಹೇಳುತ್ತಲೇ ಡಬ್ಬಿಯ ಮುಚ್ಚಳ ತಿರುಗಿಸಿದೆ. ಒಳಗೆ ಫ್ಯೂಸ್ ಇರಲಿಲ್ಲ. ಅದರ ಜಾಗದಲ್ಲಿ ಮೂರು ಎಳೆ ತಾಮ್ರದ ತಂತಿಯನ್ನು ಹುರಿ ಮಾಡಿ, ಎರಡೂ ತುದಿಗೆ ನೀಟಾಗಿ ಸುತ್ತಿ ಇಟ್ಟಿದ್ದರು. ಮೂರು ಎಳೆ! ಅದು ಸಾಯಬೇಕಾದರೆ ಕಾರೇ ಮೊದಲು ಸಾಯಬೇಕು.

ಹುರಿಯನ್ನು ಕಿತ್ತು ಇಬ್ಬರಿಗೂ ಕಾಣುವ ಹಾಗೆ ಎತ್ತಿ ಹಿಡಿದೆ. "ಇದನ್ನ ಯಾರು ಹಾಕಿದ್ದು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಅಣ್ಣ ನಿಜವಾಗಿಯೂ ಅಂಗಿಯ ಹೆಗಲು ಕೊಡವಿಕೊಂಡ. "ಮಧ್ಯಾಹ್ನ ಆಯ್ತು, ಗುಜರಿಯವನು ಬಂದ್ನಾ ನೋಡ್ತೀನಿ," ಎಂದು ಬಾಗಿಲ ಕಡೆ ನಡೆದ.

"ನಿಲ್ರೀ," ಎಂದಳು ಅತ್ತಿಗೆ. ಮುನ್ನೂರು ಜನರ ಕಾಲನ್ನು ಬ್ರೇಕಿನ ಮೇಲೆ ಇಳಿಸಿದ್ದ ದನಿ ಅದು. ಅಣ್ಣ ನಿಂತ.

"ಆ ವಾರ ಎರಡು ಸಲ ಹೋಯ್ತು ಫ್ಯೂಸು," ಎಂದ ನೆಲ ನೋಡುತ್ತಾ. "ಪ್ರತಿ ಸಲ ಇವಳ ಅಂಗಡಿಗೆ ಹೋದ್ರೆ, 'ಮುಟ್ಟಬೇಡ, ನಿಂಗೆ ಗೊತ್ತಾಗಲ್ಲ' ಅಂತಾಳೆ. ನಾನೂ ಗಂಡಸು, ನಂಗೂ ಅಷ್ಟು ಗೊತ್ತು ಅಂತ… ಎರಡು ದಿನದ ಮಟ್ಟಿಗೆ ಹಾಕಿದೆ. ಆಮೇಲೆ ಸರಿಯಾದ್ದು ಹಾಕೋಣ ಅಂತಿದ್ದೆ."

"ಆರು ವರ್ಷ!" ಎಂದೆ ನಾನು. "ಆರು ವರ್ಷ ಬಾಯಿಗೆ ಬೀಗ, ಶೆಡ್ಡಿಗೂ ಬೀಗ! ನನ್ನನ್ನ ಬೆಂಕಿಯಕ್ಕ ಅಂತ ಕರೀವಾಗ ನೀನು ಪಕ್ಕದಲ್ಲೇ ನಿಂತಿದ್ದೆ ಅಣ್ಣ! ಒಂದು ಮಾತು ಹೇಳೋಕೆ ಏನು ರೋಗ?"

"ಹೇಳೋಣ ಅಂತಿದ್ದೆ ಕಣೇ. ಅಷ್ಟರಲ್ಲಿ ನೀವಿಬ್ರೂ ಒಬ್ಬರನ್ನೊಬ್ಬರು ಬೈಯೋಕೆ ಶುರು ಮಾಡಿದ್ರಿ. ಮಧ್ಯೆ ನನ್ನ ಹೆಸರೇ ಬರ್ಲಿಲ್ಲ. ಬಾರದೆ ಇರೋದನ್ನ ಯಾಕೆ ಕರೀಬೇಕು ಅಂತ…"

ಅತ್ತಿಗೆ ಅವನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸುಖವಾಗುತ್ತಿತ್ತು. ಸುಮ್ಮನೆ ನೋಡಿದಳು, ತಟ್ಟೆಯಲ್ಲಿ ಕೂದಲು ಸಿಕ್ಕಿದಾಗ ನೋಡುವ ಹಾಗೆ. ಅಣ್ಣ ಹೊರಗೆ ಹೋಗಿ ಗೇಟಿನ ಹತ್ತಿರ ನಿಂತುಕೊಂಡ.

ನಾನು ಆಗ ಸುಮ್ಮನಾಗಬೇಕಿತ್ತು. ನನ್ನ ಹೆಸರು ನನಗೆ ವಾಪಸು ಬಂದಿತ್ತು. ಆದರೆ ಆರು ವರ್ಷದ ಸಿಟ್ಟು ಒಂದು ಗುಟುಕಿಗೆ ಇಂಗುತ್ತದೆಯೇ? ತಾಮ್ರದ ಹುರಿಯನ್ನು ಅತ್ತಿಗೆಯ ಮೂಗಿನ ನೇರಕ್ಕೆ ಹಿಡಿದೆ.

"ಅವನು ಮಾಡಿದ್ದು ಹಾಗಿರಲಿ. ನೀವು ಹೇಳಿ. ಬಜರ್ ಫ್ಯೂಸ್ ಕಿತ್ತಿದ್ದೆ ಅಂದ್ರಲ್ಲ? ಎಲ್ಲಿ ಕಿತ್ತಿದ್ರಿ? ಇಲ್ಲೇ ಕೂತಿತ್ತು ಇದು, ಜಾಗ ಬಿಟ್ಟು ಅಲುಗಿರ್ಲಿಲ್ಲ. ನೀವು ಮುಚ್ಚಳ ತೆಗೆದಿದ್ರೆ ಈ ತಾಮ್ರ ಅವತ್ತೇ ಕಾಣ್ತಿತ್ತು. ನೀವು ಮುಟ್ಟೇ ಇಲ್ಲ! ನೀವು ಕಿತ್ತಿದ್ರೆ ಮೂರು ಎಳೆ ಅಲ್ಲ, ಮೂವತ್ತು ಎಳೆ ಇದ್ರೂ ಬೆಂಕಿ ಬೀಳ್ತಿರ್ಲಿಲ್ಲ. ಸುಳ್ಳು ಹೇಳಿದ್ರಿ. ನಂಗೂ, ಊರಿಗೂ."

ಅತ್ತಿಗೆ ತಿರುಗಿ ನಡೆದು ಕಾರಿನ ಬಾಗಿಲು ತೆಗೆದು, ಡ್ರೈವರ್ ಸೀಟಿನ ಧೂಳಿನ ಮೇಲೆ ಹಾಗೇ ಕೂತಳು. ಬಾಗಿಲನ್ನು ಎಷ್ಟು ಜೋರಾಗಿ ಎಳೆದುಕೊಂಡಳೆಂದರೆ ತಗಡಿನ ಸೂರಿನಿಂದ ಜೇಡರ ಬಲೆ ಉದುರಿತು. ನಾನು ಹಟಕ್ಕೆ ಬಿದ್ದು ಕೆಲಸ ಮುಂದುವರಿಸಿದೆ. ಬಜರ್ ಲೈನನ್ನು ಹಿಡಿದು ಒಳಗೆ ಹೋದೆ. ಅವಳು ಕಲಿಸುವ ಕಡೆಯ ಪೆಡಲಿನ ಸರಳು ತಂತಿಯನ್ನು ಉಜ್ಜಿ ಉಜ್ಜಿ ಸಿಪ್ಪೆ ಸುಲಿದಿತ್ತು. ಅಷ್ಟು ಸಲ ಅವಳ ಕಾಲು ಆ ಬ್ರೇಕಿನ ಮೇಲೆ ಇಳಿದಿತ್ತು. ಆ ತಂತಿಯನ್ನು ಕತ್ತರಿಸಿ ತುದಿ ಕಟ್ಟಿದೆ. ಕಿತ್ತಿದ್ದ ಫ್ಯೂಸುಗಳನ್ನು ಪೆಟ್ಟಿಗೆಯಲ್ಲಿ ಮತ್ತೆ ಕೂರಿಸಿದೆ. ಬಲ್ಬು ತೆಗೆದು ಕೇಬಲ್ಲನ್ನು ಬ್ಯಾಟರಿಗೆ ನೇರ ಬಿಗಿದೆ. ಕಿಡಿ ಹಾರಲಿಲ್ಲ. ಅಷ್ಟು ಹೊತ್ತೂ ಅವಳು ಪಕ್ಕದ ಸೀಟಿನ ಕೆಳಗಿದ್ದ ನನ್ನನ್ನು ಕಣ್ಣೆತ್ತಿ ಕೂಡ ನೋಡಲಿಲ್ಲ.

ಹೊರಗೆ ಗಾಡಿಯೊಂದು ಬಂದು ನಿಂತ ಸದ್ದು, ಸರಪಳಿಯ ಸದ್ದು. ಗುಜರಿಯವನು ಒಳಗೆ ಇಣುಕಿ, "ಎತ್ತಬಹುದಾ?" ಎಂದ. ಹಿಂದಿನಿಂದ ಅಣ್ಣ, "ಎತ್ತು ಎತ್ತು, ಬೇಗ ಎತ್ತು," ಎಂದ.

ನಾನು ಬಾನೆಟ್ ಮುಚ್ಚಲು ಕಾರಿನ ಎದುರಿಗೆ ಬಂದೆ. ಆಗ ಅತ್ತಿಗೆ ಕಿಟಕಿಯ ಗಾಜು ಇಳಿಸಿ ಮಾತಾಡಿದಳು. ಕಿರುಚಲಿಲ್ಲ. ಅದೇ ಹೆಚ್ಚು ಚುಚ್ಚಿತು.

"ಬಲಗಡೇದು ಅಂದೆ ನೀನು. ನಂಗೆ ಚೆನ್ನಾಗಿ ನೆನಪಿದೆ. ಬಜರ್ ಆಗ ಅರಚೋದು ನಿಂತಿತ್ತು. ಇಳಿದೆ, ಬಾನೆಟ್ ಎತ್ತಿದೆ, ಕಿತ್ತೆ. ಬೇರೇನೂ ಮುಟ್ಟಲಿಲ್ಲ. ಬಲ ಯಾವುದು ಎಡ ಯಾವುದು ಅಂತ ಊರಿಗೆಲ್ಲ ಕಲಿಸಿದವಳು ನಾನು. ಈ ಕಡೆ, ಈ ಕೈ ಕಡೇದು!"

ಎಂದು ಕಿಟಕಿಯಿಂದ ಬಲಗೈ ಹೊರಗೆ ಚಾಚಿ ಅಲ್ಲಾಡಿಸಿದಳು, ಕಾರು ತಿರುಗಿಸುವಾಗ ಹಿಂದಿನವರಿಗೆ ತೋರಿಸುವ ಹಾಗೆ.

ಆ ಕೈ ನನ್ನ ಎಡಗಡೆ ಬಂತು.

ನಾನು ಆ ಕೈಯನ್ನು ನೋಡಿದೆ. ನನ್ನ ಬಲಗೈಯನ್ನು ನೋಡಿಕೊಂಡೆ. ಅದು ಅವಳ ಎಡಗಡೆ, ಬಜರಿನ ಡಬ್ಬಿಯ ನೇರಕ್ಕೆ ಇತ್ತು. ಅವಳ ಕೈಯ ನೇರಕ್ಕೆ, ನನ್ನ ಎಡಕ್ಕೆ, ವೈಪರಿನ ಡಬ್ಬಿ. ಅದನ್ನು ನಾನು ಇವತ್ತು ಮುಟ್ಟಿಯೇ ಇರಲಿಲ್ಲ. ಬೆರಳಿಂದ ಧೂಳು ಒರೆಸಿ ಮುಚ್ಚಳ ತಿರುಗಿಸಿದೆ.

ಖಾಲಿ. ಒಳಗೆ ಫ್ಯೂಸು ಇರಲಿಲ್ಲ. ಕಿತ್ತವರು ಮುಚ್ಚಳವನ್ನು ಜೋಪಾನವಾಗಿ ತಿರುಗಿ ಮುಚ್ಚಿದ್ದರು.

ನಾನು ಯಾರ ಹತ್ತಿರವೂ ಕೂತು ಕಲಿತವಳಲ್ಲ. ಬಾನೆಟ್ ಎತ್ತಿ, ಗಾಡಿಯ ಎದುರು ನಿಂತು, ಕೈ ಸುಟ್ಟುಕೊಂಡು ಕಲಿತವಳು. ಯಾವ ಗಾಡಿಯಾದರೂ ನನಗೆ ಎದುರು ನಿಂತ ಮನುಷ್ಯನ ಹಾಗೆ. ನನ್ನ ಬಲಗೈ ಇದ್ದ ಕಡೆಯೇ ನನಗೆ ಬಲ. ಆ ದಿನ ಬಸ್ಸಿನ ಕೆಳಗೆ ಮಲಗಿ ಕಣ್ಣು ಮುಚ್ಚಿ, ನಾನು ಈ ಬಾನೆಟ್ಟಿನ ಎದುರು ನಿಂತ ಹಾಗೆ ಕಲ್ಪಿಸಿಕೊಂಡು 'ಬಲಗಡೆ' ಅಂದಿದ್ದೆ. 'ನೀನು ಕಲಿಸುವ ಸೀಟಿನ ಕಡೆಯದು' ಅಂದಿದ್ದರೆ ಮುಗಿಯುತ್ತಿತ್ತು. ಅವಳು ಹೇಳಿದ್ದನ್ನು ಹೇಳಿದ ಹಾಗೇ ಮಾಡಿದ್ದಳು. ಮಳೆ ಇರಲಿಲ್ಲ, ವೈಪರ್ ಸತ್ತದ್ದು ಯಾರಿಗೂ ತಿಳಿಯಲಿಲ್ಲ.

ಗುಜರಿಯವನು ಕಾರಿನ ಹಿಂದೆ ಬಗ್ಗಿ ಕೊಕ್ಕೆ ಸಿಕ್ಕಿಸುತ್ತಿದ್ದ. ಅಣ್ಣ ಅವನಿಗೆ ಅವಸರ ಮಾಡುತ್ತಿದ್ದ. ಬಾನೆಟ್ ನನ್ನ ಕೈಯಲ್ಲಿತ್ತು. ಮುಚ್ಚಿಬಿಟ್ಟರೆ ಹತ್ತು ನಿಮಿಷದಲ್ಲಿ ಆ ಖಾಲಿ ಡಬ್ಬಿ ಬೀದಿ ದಾಟುತ್ತಿತ್ತು, ಸಂಜೆಗೆ ತಗಡಿನ ಮುದ್ದೆಯಾಗುತ್ತಿತ್ತು. ಊರಿಗೆ ಅಣ್ಣನ ತಾಮ್ರದ ಕಥೆ ಸಾಕಿತ್ತು. ನಾನು ಗೆದ್ದವಳಾಗಿ ಮನೆಗೆ ಹೋಗುತ್ತಿದ್ದೆ.

ನನ್ನ ಮೇಲೇ ನನಗೆ ಬಂದಷ್ಟು ಸಿಟ್ಟು ಬೇರೆ ಯಾರ ಮೇಲೂ ಬಂದಿರಲಿಲ್ಲ.

"ಮುಟ್ಟಬೇಡ ಗಾಡೀನ!" ಎಂದು ಕೂಗಿದೆ. ಗುಜರಿಯವನು ಬೆಚ್ಚಿ ತಲೆ ಎತ್ತಿದ. "ಕೊಕ್ಕೆ ತೆಗಿ! ಅತ್ತಿಗೆ, ಇಳಿ. ಇಳಿದು ಬಂದು ಇಲ್ಲಿ ನಿಂತು ನೋಡು. ನೀನು ಕಿತ್ತಿದ್ದೆ. ನೀನು ಬಲಗಡೇದೇ ಕಿತ್ತಿದ್ದೆ."

ಅವಳು ಇಳಿದು ಬಂದಳು. ಖಾಲಿ ಡಬ್ಬಿ ತೋರಿಸಿದೆ. ಆಮೇಲೆ ಅವಳ ಭುಜ ಹಿಡಿದು ನನ್ನ ಜಾಗದಲ್ಲಿ ನಿಲ್ಲಿಸಿ, "ಈಗ ಬಲಗೈ ಎತ್ತು," ಎಂದೆ. ಎತ್ತಿದಳು. ಎತ್ತಿದ ಕೈಯಿಂದಲೇ ಬಜರಿನ ಡಬ್ಬಿಯನ್ನು ಮುಟ್ಟಿ ನೋಡಿದಳು.

"ನೀನು ಎದುರಿಗೆ ನಿಂತು ಬಲ ಅಂದೆ," ಎಂದಳು.

"ಹೂಂ."

"ಗಾಡಿಗೆ ಒಂದೇ ಬಲ ಕಣೇ. ಸೀಟಿನಲ್ಲಿ ಕೂತವರ ಬಲ. ಎದುರು ನಿಂತ್ರೂ ಅದೇ, ಕೆಳಗೆ ಮಲಗಿದ್ರೂ ಅದೇ, ತಲೆ ಕೆಳಗಾಗಿ ನೇತಾಡಿದ್ರೂ ಅದೇ! ಮೊದಲ ದಿನದ ಮೊದಲ ಪಾಠ ಅದು!"

"ನಂಗೆ ಯಾರೂ ಕಲಿಸಲಿಲ್ಲ ಅತ್ತಿಗೆ."

"ಹತ್ತು ವರ್ಷ ನನ್ನ ಪಕ್ಕದಲ್ಲಿ ಓಡಾಡಿದ್ಯಲ್ಲ. ಕೇಳಿದ್ರೆ ಕಲಿಸ್ತಿರ್ಲಿಲ್ವಾ? ಕೇಳೋಕೆ ಏನು ದಾಡಿ? ಎಲ್ಲ ನಂಗೇ ಗೊತ್ತು ಅನ್ನೋ ಜಂಬ ನಿಂಗೆ. ಅಣ್ಣಂಗೂ ಅದೇ, ತಂಗಿಗೂ ಅದೇ. ಎರಡು ಗಂಟಲಿಗೂ ಒಂದೇ ಬಜರ್ ಹಾಕಿಸ್ಬೇಕಿತ್ತು ನಾನು!"

"ತಪ್ಪಾಯ್ತು. ನೀನು ಹೇಳಿದ್ದು ನಿಜ…"

"'ನೀನು' ಅನ್ನಬೇಡ. ಇನ್ನೂ ಅಲ್ಲಿಗೆ ಬಂದಿಲ್ಲ ನಾವು."

ನಾನು ಖಾಲಿ ಡಬ್ಬಿಯ ಮುಚ್ಚಳವನ್ನು ತಿರುಗಿಸಿ ಮುಚ್ಚಿದೆ.

"ಮೇಡಂ, ನಾನೇನು ಮಾಡ್ಲಿ?" ಎಂದ ಗುಜರಿಯವನು, ಕೈಯಲ್ಲಿ ಸರಪಳಿ ಹಿಡಿದುಕೊಂಡೇ. "ಎತ್ತಬೇಕೋ ಬೇಡವೋ? ನಂಗೆ ಇನ್ನೂ ಎರಡು ಕಡೆ ಹೋಗೋದಿದೆ."

"ಗಾಡಿ ಕೊಡಲ್ಲ. ಅಷ್ಟು ಬೇಕಂದ್ರೆ ಇವರನ್ನ ಹಾಕ್ಕೊಂಡು ಹೋಗು," ಎಂದು ಅತ್ತಿಗೆ ಅಣ್ಣನನ್ನು ತೋರಿಸಿದಳು.

ಅವನು ಅಣ್ಣನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. "ಕಬ್ಬಿಣ ಕಮ್ಮಿ ಇದೆ ಮೇಡಂ," ಎಂದು ಸರಪಳಿ ಸುತ್ತಿಕೊಂಡು ಹೊರಟ.

ಅಣ್ಣ ಏನೋ ಹೇಳಲು ಬಾಯಿ ತೆರೆದ. "ನಿಮ್ಮದು ಆಮೇಲೆ," ಎಂದಳು ಅತ್ತಿಗೆ. "ನಿಮ್ಮದು ನಿಧಾನಕ್ಕಿದೆ. ಊಟ ನೀವೇ ಬಡಿಸ್ಕೊಳ್ಳಿ." ಮತ್ತೆ ನನ್ನ ಕಡೆ ತಿರುಗಿದಳು. ಅವಳ ಕಣ್ಣು ಕೆಂಪಾಗಿತ್ತು, ಆದರೆ ಒಂದು ಹನಿಯನ್ನೂ ನನಗೆ ತೋರಿಸುವವಳಲ್ಲ. "ಆರು ವರ್ಷ. ಸುಳ್ಳಿ ಅನ್ನಿಸ್ಕೊಂಡೆ. ಎಷ್ಟು ಮನೆಗೆ ಹೇಳಿದ್ದೆ ನೀನು? ನಾನು ಫ್ಯೂಸ್ ಕೀಳಲಿಲ್ಲ, ಸುಳ್ಳು ಹೇಳ್ತೀನಿ ಅಂತ?"

"ನೆನಪಿಲ್ಲ. ಕೇಳಿದವರಿಗೆಲ್ಲ ಹೇಳಿದ್ದೆ."

"ಕೇಳದವರಿಗೂ ಹೇಳಿದ್ದೆ. ಈಗ ಅದೇ ಬಾಯಲ್ಲಿ ಹೇಳು. ಕಿತ್ತಿದ್ಳು, ನಾನೇ ಬಲ ಎಡ ಗೊತ್ತಿಲ್ಲದವಳು ಅಂತ. ನಂಗೆ ಇಲ್ಲಿ ಶೆಡ್ಡಿನೊಳಗೆ ಪಿಸುಗುಟ್ಟಿದ್ರೆ ಆಗಲ್ಲ."

"ಇವತ್ತೇನಾ? ಮೈಯೆಲ್ಲ ಮಸಿ. ಸ್ನಾನ ಮಾಡಿ, ಸಂಜೆ…"

"ಅವತ್ತು ಸ್ನಾನ ಮಾಡ್ಕೊಂಡು ಹೇಳಿದ್ಯಾ?"

ಕೈಯನ್ನು ಚೀಲದ ಬಟ್ಟೆಗೆ ಒರೆಸಿಕೊಂಡೆ, ಮಸಿ ಇನ್ನಷ್ಟು ಹರಡಿತು. ಶೆಡ್ಡಿನಿಂದ ಗೇಟಿನವರೆಗೆ ಇಪ್ಪತ್ತು ಹೆಜ್ಜೆ. ಎದುರು ಕಿಟಕಿಯಲ್ಲಿ ರೇಡಿಯೊ ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ನಮ್ಮ ಕಡೆಯೇ ನೋಡುತ್ತಿದ್ದಳು. ಗೇಟಿನ ಚಿಲಕದ ಮೇಲೆ ಕೈ ಇಟ್ಟವಳು ಹಾಗೇ ನಿಂತೆ. ಮಾತನ್ನು ಎಲ್ಲಿಂದ ಶುರು ಮಾಡಬೇಕು? ಬಲದಿಂದಲೋ, ಬಸ್ಸಿನ ಕೆಳಗಿನಿಂದಲೋ?

ಹಿಂದೆ ಕಾರಿನ ಬಾಗಿಲು ಧಡಾರನೆ ಮುಚ್ಚಿತು. ಆಮೇಲೆ ಹಾರ್ನ್ ಹೊಡೆಯಿತು, ಗಂಟಲು ಕಟ್ಟಿದ ಹಾರ್ನ್, ಬಿಡುವಿಲ್ಲದೆ, ಹಸಿರು ದೀಪ ಬಿದ್ದ ಮೇಲೂ ಮುಂದೆ ನಿಂತೇ ಇರುವ ಗಾಡಿಗೆ ಹೊಡೆಯುವ ಹಾಗೆ. ನಾನು ಚಿಲಕ ತೆಗೆದು ಬೀದಿಗೆ ಇಳಿದೆ.